ಶಿಖರ ಇರಲಿ, ಮೊದಲು ಹಳ್ಳದ ದಾರಿ ಉಳಿಯಲಿ

ನಮ್ಮ ಮಲೆನಾಡಿನಲ್ಲಿ ‘ಕಾಡಿನಲ್ಲಿ ನಡೆದು ಬಂದೆ’ ಎಂದರೆ ಈಗ ಕೇಳಿದವರು ಮರುಪ್ರಶ್ನೆ ಹಾಕುವುದು ಒಂದೇ: ಯಾವ ಗುಡ್ಡ ಹತ್ತಿದಿರಿ? ಕೊಡಚಾದ್ರಿಯೋ, ಕುದುರೆಮುಖವೋ, ಕುಮಾರಪರ್ವತವೋ ಎಂದು ಹೆಸರು ಹೇಳದಿದ್ದರೆ ನಡೆದದ್ದು ಲೆಕ್ಕಕ್ಕಿಲ್ಲ. ಮನೆಯ ಹಿಂದಿನ ಕಾನಿನಲ್ಲಿ ಒಂದು ಗಂಟೆ ಸುತ್ತಿ, ಹಳ್ಳದ ಗುಂಟ ಇಳಿದು, ಕಾಲುಸಂಕ ದಾಟಿ ನೆಂಟರ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬಂದವನು ನಡೆದವನಲ್ಲ, ಕೆಲಸವಿಲ್ಲದವನು. ಈ ಬರಹದ ಉದ್ದೇಶ ಅಂಥ ಕೆಲಸವಿಲ್ಲದವರ ಪರವಾಗಿ ವಾದಿಸುವುದು. ವಾದದ ಸಾಮಗ್ರಿ ನನಗೆ ದೊರೆತದ್ದು ಮಾತ್ರ ನಮ್ಮ ಬೆಟ್ಟಗಳಲ್ಲಲ್ಲ, ಬೆಟ್ಟವೂ ಕಾಡೂ ಇಲ್ಲವೆಂದು ನಾವು ತಿಳಿದಿರುವ ರಾಯಚೂರು ಜಿಲ್ಲೆಯ ಸಿರವಾರದಲ್ಲಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ಬುಡದಲ್ಲಿ ಸೇರಿದ ಜನಸಾಗರದ ಚಿತ್ರಗಳನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಅದರ ಬೆನ್ನಿಗೇ ಸರ್ಕಾರ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ನಿಲ್ಲಿಸಿ, ಅನಂತರ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ವಿಧಿಸಿತು. ಆ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ. ಶೋಲಾ ಹುಲ್ಲುಗಾವಲಿನ ತೆಳುಮಣ್ಣು ಸಾವಿರಾರು ಬೂಟುಗಳ ತುಳಿತವನ್ನು ತಡೆಯಲಾರದು. ಒಮ್ಮೆ ಕೊರಕಲು ಬಿದ್ದರೆ ಮುಂದಿನ ಮಳೆಗಾಲ ಉಳಿದ ಕೆಲಸವನ್ನು ಮುಗಿಸುತ್ತದೆ. ಆದರೆ ಶಿಖರಗಳ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುತ್ತಿರುವಾಗ, ಯಾರ ಗಮನಕ್ಕೂ ಬಾರದೆ ಇನ್ನೊಂದು ಸಂಗತಿ ಮುಗಿಯುತ್ತ ಬಂದಿದೆ. ಊರಿನಿಂದ ಊರಿಗೆ, ಕೇರಿಯಿಂದ ಶಾಲೆಗೆ, ಗದ್ದೆಯಿಂದ ಹೊಳೆಗೆ ಇದ್ದ ಒಳದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ಅವನ್ನು ಮುಚ್ಚಿದವರು ಪ್ರವಾಸಿಗರಲ್ಲ, ಕಂಪನಿಯವರೂ ಅಲ್ಲ. ಮುಚ್ಚುತ್ತಿರುವವರು ನಾವು.

ಸಿರವಾರಕ್ಕೆ ನಾನು ಹೋದದ್ದು ವೃತ್ತಿಯ ನಿಮಿತ್ತ. ಸವಳು-ಜವಳಾದ ಹೊಲಗಳ ಮಣ್ಣಿನ ಮಾದರಿ ತೆಗೆಯುವ ಕೆಲಸ. 2024ರ ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ಜತೆಗೆ ನಮ್ಮ ಸೀಮೆಯ ಆರು ಮಂದಿ ವಿದ್ಯಾರ್ಥಿಗಳಿದ್ದರು. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಹುಡುಗ ಹುಡುಗಿಯರು. ವರ್ಷಕ್ಕೆ ಮೂರು ತಿಂಗಳು ಕೊಡೆ ಹಿಡಿದು ಬೆಳೆದವರು. ಬಸ್ಸು ಇಳಿದು ಸುತ್ತ ನೋಡಿದವರೇ ಪೆಚ್ಚಾದರು. ಕಣ್ಣು ಹಾಯುವಷ್ಟು ದೂರ ಎರೆಭೂಮಿ, ನಡುವೆ ಅಲ್ಲಲ್ಲಿ ಕಲ್ಲುಬಂಡೆಗಳ ಸಣ್ಣ ಗುಡ್ಡ, ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ‘ಸರ್, ಇಲ್ಲಿ ನೋಡುವಂಥದ್ದು ಏನಿದೆ?’ ಎಂದು ಒಬ್ಬಳು ಕೇಳಿದಳು. ಮಾರನೆಯ ದಿನ ರಜೆ. ಉಪಕಾಲುವೆಯ ದಂಡೆಯ ಮೇಲೆ ಐದಾರು ಕಿಲೋಮೀಟರ್ ನಡೆಯೋಣ, ಆಮೇಲೆ ಕೇಳು ಎಂದೆ.

ಸಿರವಾರದ ನೆಲದ ಬಗ್ಗೆ ನಮ್ಮ ಓದುಗರಿಗೆ ಎರಡು ಮಾತು ಹೇಳಬೇಕು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಅದಕ್ಕೆ ಮೊದಲು ಮಾನ್ವಿಯ ಭಾಗವಾಗಿತ್ತು. ಬಡಗಲಿಗೆ ದೇವದುರ್ಗ ಸೀಮೆ, ಅದರಾಚೆ ಕೃಷ್ಣೆ. ತೆಂಕಲಿಗೆ ಮಾನ್ವಿ ಸೀಮೆ, ಅದರಾಚೆ ತುಂಗಭದ್ರೆ. ಎರಡು ಮಹಾನದಿಗಳ ನಡುವಿನ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. ಆದರೂ ನೆಲದ ಸ್ವಂತ ಮಳೆ ವರ್ಷಕ್ಕೆ ಸುಮಾರು 600ರಿಂದ 650 ಮಿಲಿಮೀಟರ್ ಮಾತ್ರ. ನಮ್ಮ ಆಗುಂಬೆಯಲ್ಲಿ ಸುರಿಯುವುದು ಇದರ ಹತ್ತುಪಟ್ಟಿಗಿಂತ ಹೆಚ್ಚು. ಹೀಗಾಗಿ ಸಿರವಾರದ ಹೊಲಗಳಿಗೆ ಜೀವ ಬರುವುದು ಪರಸ್ಥಳದ ಮಳೆಯಿಂದ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾದ ತುಂಗೆ-ಭದ್ರೆಯರ ನೀರು, 1953ರಲ್ಲಿ ಮುಗಿದ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ, ಗಂಗಾವತಿ, ಸಿಂಧನೂರುಗಳನ್ನು ದಾಟಿ ಕೊನೆಗೆ ತಲುಪುವ ಊರುಗಳ ಸಾಲಿನಲ್ಲಿ ಸಿರವಾರ ಬರುತ್ತದೆ. ಆಡಳಿತದ ಭಾಷೆಯಲ್ಲಿ ಇದು ‘ಕೊನೆಭಾಗ’.

ನಾವು ನಡೆದ ದಿನ ಡಿಸೆಂಬರ್ 30. ಎಳ್ಳ ಅಮಾವಾಸ್ಯೆ ಎಂಬುದು ನನಗೆ ನೆನಪಿರಲಿಲ್ಲ. ಬೆಳಗ್ಗೆ ಆರೂವರೆಗೆ ಹೊರಟಾಗ ಕಾಲುವೆಯ ಮೇಲೆ ತೆಳುವಾಗಿ ಹಬೆ ಎದ್ದಿತ್ತು. ದಂಡೆ ಸಮತಟ್ಟು, ಏರಿಲ್ಲ, ಇಳಿತವಿಲ್ಲ, ಜಿಗಣೆಯಿಲ್ಲ. ಆರು ವರ್ಷದ ಮಗುವೂ ಅರುವತ್ತು ದಾಟಿದವರೂ ನಡೆಯಬಹುದಾದ ದಾರಿ. ಮೊದಲ ಒಂದು ಗಂಟೆ ಹಕ್ಕಿಗಳದೇ. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು. ತೆನೆಗಟ್ಟಿದ ಬಿಳಿಜೋಳದ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಒಮ್ಮೆಗೇ ಎದ್ದು ಒಮ್ಮೆಗೇ ಇಳಿಯುತ್ತಿತ್ತು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ ಅದು. ನಮ್ಮ ದಟ್ಟ ಕಾಡಿಗೆ ಅದರ ಕೆಲಸವಿಲ್ಲ, ಅದಕ್ಕೆ ಬೇಕಾದುದು ಇಂಥ ಬಯಲು. ಜಾಲಿಯ ನಡುವೆ ಬೇವು, ಬಾರೆ, ತಂಗಡಿ, ಲೆಕ್ಕಿ. ಬಂಡೆಯ ಬುಡದಲ್ಲಿ ಸೀತಾಫಲ. ಹೆಸರು ಕೇಳುತ್ತ ಹೋದಂತೆ ಹುಡುಗರು ಬರೆದುಕೊಳ್ಳತೊಡಗಿದರು. ಕಾಡೆಂದರೆ ಹಸಿರು ಗೋಡೆ ಎಂದು ಬೆಳೆದವರ ಕಣ್ಣು ಕುರುಚಲಿಗೆ ಹೊಂದಿಕೊಳ್ಳಲು ಒಂದು ಗಂಟೆ ಸಾಕಾಯಿತು.

ಆಮೇಲೆ ನನ್ನ ವಿಷಯ ಬಂತು. ಕಾಲುವೆಯ ಗುಂಟ ನಡೆಯುವುದೆಂದರೆ ಕೃಷಿ ವಿಜ್ಞಾನದ ಒಂದು ಇಡೀ ಅಧ್ಯಾಯವನ್ನು ಕಾಲಿನಲ್ಲಿ ಓದಿದಂತೆ. ತೂಬಿನ ಬಳಿ ಭತ್ತ. ಸ್ವಲ್ಪ ದೂರದಲ್ಲಿ ಹತ್ತಿ, ಮೆಣಸಿನಕಾಯಿ. ಇನ್ನೂ ಮುಂದೆ ತೊಗರಿ, ಜೋಳ, ಕಡಲೆ. ನೀರು ಎಲ್ಲಿಗೆ ಸಾಲದೋ ಅಲ್ಲಿಗೆ ಬೆಳೆ ಬದಲಾಗುತ್ತದೆ, ನಕಾಶೆ ಬೇಕಿಲ್ಲ. ತಗ್ಗಿನ ಗದ್ದೆಗಳಲ್ಲಿ ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಸವಳು. ತುಂಗಭದ್ರಾ ಯೋಜನೆಯನ್ನು ಬಹುಪಾಲು ಲಘು ನೀರಾವರಿಗೆಂದು, ಹೆಚ್ಚು ರೈತರಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲೆಂದು ರೂಪಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು; ಅಲ್ಲಿ ನೀರು ಹೆಚ್ಚಾಗಿ ನೆಲ ಜವಳಾಯಿತು, ಇಲ್ಲಿ ನೀರು ಬಾರದೆ ನೆಲ ಒಡೆಯಿತು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಂದು ಹೇಳುವ ಅಗತ್ಯ ಬೀಳಲಿಲ್ಲ.

ಒಂಬತ್ತರ ಹೊತ್ತಿಗೆ ಬಂಡಿದಾರಿಗಳಲ್ಲಿ ಜನ ಕಾಣಿಸಿಕೊಂಡರು. ಹೆಂಗಸರ ತಲೆಯ ಮೇಲೆ ಬುತ್ತಿಯ ಬುಟ್ಟಿ, ಮಕ್ಕಳ ಮೈಮೇಲೆ ಹೊಸ ಬಟ್ಟೆ, ಕೆಲವರು ಎತ್ತಿನ ಬಂಡಿಯಲ್ಲಿ, ಹೆಚ್ಚಿನವರು ಟ್ರ್ಯಾಕ್ಟರಿನಲ್ಲಿ, ಉಳಿದವರು ನಡೆದುಕೊಂಡು ತಂತಮ್ಮ ಹೊಲಗಳಿಗೆ ಹೊರಟಿದ್ದರು. ಎಳ್ಳ ಅಮಾವಾಸ್ಯೆಯಂದು ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಎಲ್ಲರೂ ಕೂತು ಉಣ್ಣುವುದು ಆ ಸೀಮೆಯ ಪದ್ಧತಿ. ವರ್ಷಕ್ಕೊಮ್ಮೆ ಇಡೀ ಊರು ತನ್ನ ನೆಲವನ್ನು ನಡೆದು ನೋಡುವ ಹಬ್ಬ. ಬೆಟ್ಟದ ನಮಗೆ ಭೂಮಿಹುಣ್ಣಿಮೆ ಇದ್ದಂತೆ ಎಂದು ಹುಡುಗರಿಗೆ ಹೇಳಿದೆ. ನಮ್ಮಲ್ಲಿ ಬೆಳಗಿನ ಜಾವ ಬಚ್ಚಂಬಲಿ ಚೆಲ್ಲುವುದು ಹಲವು ಮನೆಗಳಲ್ಲಿ ಈಗ ಅಂಗಳದ ತುದಿಯಲ್ಲೇ ಮುಗಿಯುತ್ತಿದೆ, ಅದು ಬೇರೆ ಮಾತು.

ಒಂದು ಹೊಲದ ಬದುವಿನಲ್ಲಿ ನಮ್ಮನ್ನು ಕೂಗಿ ಕೂರಿಸಿದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬಡಿಸುತ್ತಿದ್ದ ಹಿರಿಯ ಹೆಣ್ಣುಮಗಳು, ‘ಯಾವ ಕಡೇಯಾರ್ರೀ ನೀವು?’ ಎಂದರು. ತೀರ್ಥಹಳ್ಳಿ ಕಡೆಯವರು, ತುಂಗಾ ಹೊಳೆ ನಮ್ಮ ಊರಿನ ಮೇಲೆ ಹರಿಯುತ್ತದೆ ಎಂದು ಹುಡುಗ ಹೆಮ್ಮೆಯಿಂದಲೇ ಹೇಳಿದ. ಆಕೆ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಹಿಡಿದು, ‘ಯವ್ವಾ, ನೀರು ಹುಟ್ಟೋ ಊರಿನೋರು ಬಂದಾರಲ್ಲ! ಈ ವರ್ಷ ನಿಮ್ಮ ಕಡೆ ಮಳಿ ಜೋರು ಆಗೇತಂತ ಟಿವ್ಯಾಗ ತೋರಿಸಿದ್ರು. ಡ್ಯಾಮೂ ತುಂಬೇತಿ. ಮತ್ತ ನಮ್ಮ ಕಾಲುವ್ಯಾಗ ಯಾಕ ನೀರಿಲ್ಲಪಾ?’ ಎಂದರು.

ಜಗಳದ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. ಹುಡುಗ ನನ್ನ ಮುಖ ನೋಡಿದ.

ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಆ ವರ್ಷ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದದ್ದು, ತಾತ್ಕಾಲಿಕ ತಡೆ ಕೂರಿಸುವವರೆಗೆ ತುಂಬಿದ ಜಲಾಶಯದಿಂದ ಅಪಾರ ನೀರು ಹೊಳೆಗೆ ಹೋದದ್ದು, ಮುಂದಿನ ಮಳೆಯಿಂದ ಮತ್ತೆ ತುಂಬಿದ್ದು ಎಲ್ಲರಿಗೂ ತಿಳಿದ ಸಂಗತಿ. ಮೇಲ್ಭಾಗದವರ ಭತ್ತದ ಸಂಗತಿಯೂ ಆಕೆಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಆಕೆಗೆ ತಿಳಿಯದಿದ್ದದ್ದು, ನಮಗೆ ತಿಳಿದೂ ನಾವು ಆಡದಿದ್ದದ್ದು ಮೂರನೆಯದು. ಕಟ್ಟುವಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಘನ ಮೀಟರಿನ ಲೆಕ್ಕದಲ್ಲಿ 75 ಕೋಟಿಗೂ ಹೆಚ್ಚು. ಆ ಹೂಳೆಲ್ಲ ನಮ್ಮದೇ ಎಂದು ಹೇಳಿದರೆ ತಪ್ಪಾದೀತು. ಬಯಲಿನ ಹಳ್ಳಗಳು, ಗಣಿಗಳು, ಉತ್ತ ಹೊಲಗಳು ಎಲ್ಲವೂ ತಮ್ಮ ಪಾಲು ಕೊಟ್ಟಿವೆ. ಆದರೆ ಭದ್ರೆಯ ನೆತ್ತಿಯ ಮೇಲೆ ಕುದುರೆಮುಖದಲ್ಲಿ ಕಾಲು ಶತಮಾನ ಗಣಿಗಾರಿಕೆ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದನ್ನು ನಾವು ಮರೆಯುವಂತಿಲ್ಲ. ಅದು ನಿಂತ ಮೇಲೆ ನಮ್ಮ ಹಳ್ಳಗಳು ಮಳೆಗಾಲದಲ್ಲಿ ತಿಳಿಯಾಗಿ ಹರಿಯುತ್ತಿವೆಯೇ? ಜೆಸಿಬಿಯಿಂದ ಗುಡ್ಡ ಕಡಿದು ಮಾಡಿದ ಹೊಸ ಅಡಿಕೆ ತೋಟಗಳ ಕೆಳಗೆ ಜುಲೈ ತಿಂಗಳಲ್ಲಿ ಹೋಗಿ ನಿಂತು ನೋಡಿ.

ಒಂದು ವಿಚಿತ್ರವೆಂದರೆ ನಮ್ಮ ಮಣ್ಣು ಸಿರವಾರಕ್ಕೆ ಬರುವುದಿಲ್ಲ. ಕಾಲುವೆಯ ನೀರು ಅಲ್ಲಿಗೆ ಬರುವ ಹೊತ್ತಿಗೆ ಸಾಕಷ್ಟು ತಿಳಿಯಾಗಿರುತ್ತದೆ. ಮಣ್ಣು ಜಲಾಶಯದ ತಳದಲ್ಲಿ ಕೂತು, ಸಿರವಾರದ ನೀರು ಕೂರಬೇಕಿದ್ದ ಜಾಗವನ್ನು ಹಿಡಿದಿದೆ. ಈ ನಷ್ಟ ತುಂಬಲು ಈಗ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯವೆಂಬ ಯೋಜನೆ ಇದೆ. ಅದಕ್ಕೆ ಇನ್ನಷ್ಟು ರೈತರ ಭೂಮಿ ಬೇಕು.

ಊಟ ಮುಗಿಸಿ ಎದ್ದ ಮೇಲೆ ಹುಡುಗರು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಸಂಘಟನೆಯ ಸಭೆಗಳಲ್ಲಿ ‘ನದಿಪಾತ್ರದ ಸಮಗ್ರ ದೃಷ್ಟಿ’ ಎಂದು ಎಷ್ಟು ನಿರ್ಣಯಗಳಾಗಿವೆಯೋ ಲೆಕ್ಕವಿಲ್ಲ. ಒಂದು ರೊಟ್ಟಿ, ಒಂದು ಪ್ರಶ್ನೆ, ಐದು ಕಿಲೋಮೀಟರ್ ಸಪಾಟು ದಾರಿ ಮಾಡಿದ ಕೆಲಸವನ್ನು ಆ ನಿರ್ಣಯಗಳು ಮಾಡಿರಲಿಲ್ಲ. ಶಿಖರದ ಮೇಲೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಬದುಕುವುದಿಲ್ಲ. ಸುಲಭದ ದಾರಿಗಳಿಗೆ ನಾನು ಕೊಡುವ ಬೆಲೆ ಇದಕ್ಕಾಗಿ: ಅವು ಹೊಲಗಳ ನಡುವೆ, ಮನೆಗಳ ಹಿತ್ತಿಲಲ್ಲಿ, ಕುಡಿಯುವ ನೀರಿನ ಮಗ್ಗುಲಲ್ಲಿ ಹಾಯುತ್ತವೆ.

ಮುಂದಿನ ಎರಡು ದಿನ ನಾವು ಎರಡು ನದಿಗಳನ್ನೂ ನೋಡಿದೆವು. ಬಡಗಲಿಗೆ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣೆಯ ದಡದಲ್ಲಿ ಅಲ್ಲಮಪ್ರಭುವಿನ ಗುಡಿಯಿರುವ ಊರು. ತೆಂಕಲಿಗೆ ಮಾನ್ವಿ ಕಡೆ ತುಂಗಭದ್ರೆಯ ದಡದ ಚೀಕಲಪರವಿ, ವಿಜಯದಾಸರ ಹುಟ್ಟೂರು. ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ತಂಬೂರಿ ಹಿಡಿದು ಈ ದೋಆಬಿನ ದಾರಿಗಳನ್ನು ಸವೆಸಿದವರು ಇವರು. ಇಂದಿಗೂ ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಸಾವಿರಾರು ಜನ ರಾಯಚೂರು ಜಿಲ್ಲೆಯನ್ನು ಹಾದು ಶ್ರೀಶೈಲಕ್ಕೆ ನಡೆಯುತ್ತಾರೆ; ನಲ್ಲಮಲದ ಕಾಡಿನಲ್ಲಿ ಭೀಮನಕೊಳ್ಳ, ಕೈಲಾಸದ್ವಾರದ ಹಳೆಯ ಕಾಲುದಾರಿ ಉಳಿದಿರುವುದು ಈ ನಡಿಗೆಯಿಂದಲೇ. ದಾರಿಯುದ್ದಕ್ಕೂ ಊರಿನವರು ನೀರು, ಅಂಬಲಿ, ಊಟ ಕೊಡುತ್ತಾರೆ. ಟಿಕೆಟಿಲ್ಲ, ಗೈಡಿಲ್ಲ.

ನದಿದಡದಲ್ಲಿ ನಡೆಯುವವರಿಗೆ ಒಂದು ಎಚ್ಚರಿಕೆಯನ್ನೂ ಕೊಡಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ. ದಡದಲ್ಲಿ ಕಾಲಿಳಿಬಿಟ್ಟು ಕೂರುವ ನಮ್ಮ ತುಂಗೆಯ ಚಾಳಿ ಅಲ್ಲಿ ಸಲ್ಲದು. ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಬಂಡೆಗಳ ನಡುವೆ ಸಿಕ್ಕಿಕೊಳ್ಳುವ ಸಂಭವವಿದೆ. ಕಾಲುವೆಯ ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವನೂ ಹತ್ತಿ ಬರಲಾರ. ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಹೋಗಿ, ಹತ್ತು ಗಂಟೆಯೊಳಗೆ ನೆರಳು ಸೇರಿ. ನಮ್ಮ ಕಡೆಯ ಎಚ್ಚರಿಕೆ ಬೇರೆ: 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಮಂಗನಕಾಯಿಲೆಯ ಉಣ್ಣೆಗಳು ಚುರುಕಾಗುವುದು ಅದೇ ಚಳಿಗಾಲದಿಂದ ಮಳೆಗಾಲದ ಮುನ್ನಿನವರೆಗೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಆ ತಿಂಗಳುಗಳಲ್ಲಿ ಯಾರನ್ನೂ, ವಿಶೇಷವಾಗಿ ಮಕ್ಕಳನ್ನು, ಕರೆದೊಯ್ಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಸಿರವಾರದಲ್ಲಿ ದಾರಿಗಳು ಸುಖವಾಗಿವೆ ಎಂದು ಯಾರೂ ತಿಳಿಯಬಾರದು. ಅಲ್ಲಿಯೂ ಬಂಡಿದಾರಿಗಳನ್ನು ಎರಡೂ ಕಡೆಯವರು ಒಂದೊಂದು ಸಾಲು ಉತ್ತು ಉತ್ತು ಒಬ್ಬ ಮನುಷ್ಯ ಹೋಗುವಷ್ಟಕ್ಕೆ ಇಳಿಸಿದ್ದಾರೆ. ಹಳ್ಳದ ದಂಡೆಗಳನ್ನು ಜಾಲಿ ಮುಚ್ಚಿದೆ. ಬುತ್ತಿ ಹೊತ್ತವರಲ್ಲಿ ಇಬ್ಬರು ಹೆಂಗಸರು ಒಂದು ಹೊಸ ತಂತಿಬೇಲಿಯನ್ನು ಸುತ್ತಿಕೊಂಡು ಹೋಗಬೇಕಾಗಿ ಬಂದು ಗೊಣಗಿದ್ದನ್ನು ನಾವೇ ಕೇಳಿದೆವು. ‘ನಕಾಶ್ಯಾಗ ದಾರಿ ಐತ್ರಿ, ನೆಲದಾಗಿಲ್ಲ’ ಎಂದು ಜತೆಗಿದ್ದ ರೈತ ನಕ್ಕರು.

ಈ ಮಾತು ನನ್ನನ್ನು ಊರಿಗೆ ಬಂದ ಮೇಲೂ ಬಿಡಲಿಲ್ಲ. ನಕಾಶೆಯಲ್ಲಿ ದಾರಿ ಇದೆ ಎಂದರೇನು? ಪ್ರತಿ ಕಂದಾಯ ಗ್ರಾಮಕ್ಕೂ ಸರ್ವೆ ಇಲಾಖೆಯ ಗ್ರಾಮ ನಕಾಶೆಯಿದೆ. ಅದರಲ್ಲಿ ಬಂಡಿದಾರಿಯನ್ನು ಜೋಡಿ ತುಂಡುಗೆರೆಗಳಿಂದಲೂ ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದಲೂ ತೋರಿಸಿರುತ್ತಾರೆ; ಹಳ್ಳ, ಕೆರೆ, ಖರಾಬುಗಳೂ ಇರುತ್ತವೆ. ಇಲಾಖೆಯ ಜಾಲತಾಣದಲ್ಲಿ ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ದಾರಿಗಳನ್ನೂ ನದಿ ಹಳ್ಳಗಳ ಪಾತ್ರಗಳನ್ನೂ ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಅಂದರೆ ಆ ತುಂಡುಗೆರೆ ಯಾವೊಬ್ಬನ ಪಹಣಿಗೂ ಸೇರಿದ್ದಲ್ಲ. ಅದನ್ನು ಕಾಯುವವರು ಯಾರು ಎಂಬುದೊಂದೇ ಪ್ರಶ್ನೆ. ಬೇಲಿ ಹಾಕಿದವನ ವಿರುದ್ಧ ತಹಶೀಲ್ದಾರರಿಗೆ ಅರ್ಜಿ ಕೊಡುವುದು ದಾಯಾದಿ ಜಗಳವಿದ್ದಾಗ ಮಾತ್ರ. ದಾರಿಯ ಮೇಲಿನ ಪ್ರೀತಿಗಾಗಿ ಅರ್ಜಿ ಕೊಟ್ಟವರನ್ನು ನಾನು ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕಾಗಿ ಜನ ಜೈಲಿಗೆ ಹೋಗಿದ್ದಾರೆ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಊರುಗಳ ಯುವಕರು, ಜಮೀನುದಾರರು ಬೇಟೆಗಾಗಿ ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಗುಂಪಾಗಿ ನುಗ್ಗಿದರು, ಐವರಿಗೆ ಶಿಕ್ಷೆಯಾಯಿತು. 1949ರಲ್ಲಿ ಬಂದ ಕಾನೂನು ಪ್ರತಿ ಕೌಂಟಿಯೂ ತನ್ನ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕಾಶೆ ಇಡಬೇಕೆಂದಿತು. ಇಂದು ಅಲ್ಲಿ ರೈತನ ಗೋಧಿ ಹೊಲದ ನಡುವೆಯೇ ದಾರಿ ಹಾಯ್ದಿದ್ದರೂ ಆತ ಅದನ್ನು ಮುಚ್ಚುವಂತಿಲ್ಲ. ಬೇಲಿಯಿರುವಲ್ಲಿ ದಾಟಲು ಮರದ ಮೆಟ್ಟಿಲು ಇರುತ್ತದೆ. ಮುದುಕರೂ ಮಕ್ಕಳೂ ಭಾನುವಾರದ ಮಧ್ಯಾಹ್ನ ಹೊಳೆಯ ಬದಿಯಲ್ಲಿ, ಕಾಡಿನಂಚಿನಲ್ಲಿ ಮೂರು ನಾಲ್ಕು ಮೈಲು ಸುಮ್ಮನೆ ಸುತ್ತಿ ಬರುವುದು ಅಲ್ಲಿನ ಸಾಮಾನ್ಯ ಬದುಕಿನ ಭಾಗ.

ಆ ಮರದ ಮೆಟ್ಟಿಲಿಗೆ ನಮ್ಮಲ್ಲಿ ಹೆಸರಿದೆ ಎಂಬುದು ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಗೊತ್ತು? ತಡಬೆ. ದನ ದಾಟಬಾರದು, ಮನುಷ್ಯ ದಾಟಬೇಕು ಎಂಬ ವಿವೇಕದಿಂದ ಬೇಲಿಯ ಎರಡೂ ಬದಿಗೆ ಕವೆಗೋಲು, ಹಲಗೆ ಇಟ್ಟು ಮಾಡಿದ್ದು. ಬಂಡಿ, ದನಗಳು ಹೋಗುವಲ್ಲಿ ಉಣುಗೋಲು. ನಮ್ಮ ಹಿರಿಯರು ಬೇಲಿ ಹಾಕಲಿಲ್ಲವೆಂದಲ್ಲ. ಬೇಲಿ ಹಾಕಿದಲ್ಲೆಲ್ಲ ತಡಬೆ ಇಟ್ಟರು. ಈಗಿನ ಐಬೆಕ್ಸ್ ಬೇಲಿಗೆ ತಡಬೆ ಇಲ್ಲ. ಆ ಹೆಸರೂ ಇನ್ನು ಕೆಲವು ವರ್ಷಗಳಲ್ಲಿ ಕಾದಂಬರಿಗಳಲ್ಲಿ ಮಾತ್ರ ಸಿಗಬಹುದು.

ತೋಟದವರ ವಾದ ನನಗೆ ತಿಳಿಯದ್ದಲ್ಲ. ಅಡಿಕೆಗೆ ಚಿನ್ನದ ಬೆಲೆ, ಕಳವು ಹೆಚ್ಚು. ಕಾಡುಕೋಣ, ಆನೆ, ಹಂದಿಗಳ ಕಾಟ. ಹೋಂಸ್ಟೇಗೆ ಬಂದವರು ತೋಟಕ್ಕೆ ನುಗ್ಗಿ ಬಾಟಲಿ ಒಡೆದು ಹೋಗುತ್ತಾರೆ. ಎಲ್ಲವೂ ನಿಜ. ಇವುಗಳಲ್ಲಿ ಒಂದೂ ತಡಬೆ ಇಡುವುದನ್ನು ತಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಜನ ಓಡಾಡುವ ದಾರಿಯಲ್ಲಿ ಕಳ್ಳನಿಗೆ ಧೈರ್ಯ ಕಡಿಮೆ. ನನ್ನ ಅನುಭವದಲ್ಲಿ ಮುಚ್ಚಿದ ದಾರಿಯ ಆಚೆಗೇ ಮರಗಳು ಕಾಣೆಯಾಗುವುದು, ಮರಳು ಏಳುವುದು, ಹೊಳೆಗೆ ಸಗಣಿ ನೀರು, ಕಾಫಿ ಪಲ್ಪಿನ ನೀರು ಬಿಡುವುದು. ನೋಡುವವರಿಲ್ಲದ ಕಡೆ ಏನು ಮಾಡಿದರೂ ನಡೆಯುತ್ತದೆ.

ನಮ್ಮ ಚಳವಳಿಯೂ ನಡಿಗೆಯಿಂದಲೇ ಹುಟ್ಟಿದ್ದು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ತಮ್ಮ ಕಾಡಿನ ಒಳದಾರಿ ಅವರಿಗೆ ಗೊತ್ತಿದ್ದುದರಿಂದ ಮರ ಬೀಳುವ ಜಾಗಕ್ಕೆ ಅವರು ತಲುಪಿದರು. 1987-88ರಲ್ಲಿ ಪಶ್ಚಿಮಘಟ್ಟ ಉಳಿಸಿ ಯಾತ್ರೆಯವರು ಒಂದು ತಂಡ ಬಡಗಲಿನಿಂದ, ಇನ್ನೊಂದು ಕನ್ಯಾಕುಮಾರಿಯಿಂದ ನೂರಾರು ಕಿಲೋಮೀಟರ್ ನಡೆದು ಗೋವೆಯಲ್ಲಿ ಸೇರಿದರು. ಅವರಿಗೆ ಆಶ್ರಯ, ದಾರಿ, ಊಟ ದೊರೆತದ್ದು ಹಳ್ಳಿಗಳಲ್ಲಿ. ಇಂದು ಅದೇ ಯಾತ್ರೆ ಹೊರಟರೆ ಎಷ್ಟು ಕಡೆ ಡಾಂಬರು ರಸ್ತೆಗೆ ಇಳಿಯಬೇಕಾಗುತ್ತದೆ ಎಂದು ಯೋಚಿಸಿದ್ದೇನೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಪ್ರೌಢಶಾಲೆಯೂ ತನ್ನ ಗ್ರಾಮದ ನಕಾಶೆಯನ್ನು ಗೋಡೆಗೆ ಅಂಟಿಸಲಿ. ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ, ನಕಾಶೆಯಲ್ಲಿ ಇರುವ ಇಲ್ಲದಿರುವ ಕಾಲುದಾರಿಗಳನ್ನು ಬಣ್ಣದ ಪೆನ್ಸಿಲಿನಿಂದ ತುಂಬಲಿ. ಅವುಗಳಲ್ಲಿ ಒಂದೇ ಒಂದನ್ನು, ಹಳ್ಳದ ಬದಿಯ ಒಂದನ್ನು, ವರ್ಷಕ್ಕೆರಡು ಸಲ ಮಳೆಗೆ ಮುನ್ನ ಮತ್ತು ಮಳೆ ಬಿಟ್ಟ ಮೇಲೆ ಎಲ್ಲರೂ ನಡೆಯಲಿ; ನೀರಿನ ಬಣ್ಣ, ದಡದ ಕುಸಿತ, ಕಂಡ ಹಕ್ಕಿ, ಬಿದ್ದ ಮರ ಬರೆದಿಡಲಿ. ಗ್ರಾಮಸಭೆಯಲ್ಲಿ ಆ ಒಂದು ದಾರಿಯ ಹೆಸರು ನಡಾವಳಿಗೆ ಬರಲಿ. ಅರಣ್ಯದೊಳಗಿನ ದಾರಿಯಾದರೆ, ಸಮುದಾಯದ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪುವ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅದನ್ನು ದಾಖಲಿಸಲು ಪ್ರಯತ್ನಿಸಬೇಕು. ದಯವಿಟ್ಟು ಕಬ್ಬಿಣದ ಕಮಾನು, ಇಂಟರ್‌ಲಾಕ್ ಇಟ್ಟಿಗೆ, ‘ಪ್ರಕೃತಿ ಪಥ’ ಎಂಬ ಫಲಕ ಬೇಡ. ಅಂಥದೊಂದನ್ನು ಹೊಳೆದಂಡೆಯಲ್ಲಿ ಕಟ್ಟಿದ್ದನ್ನು ನೋಡಿದ್ದೇನೆ. ಮೊದಲ ಪ್ರವಾಹಕ್ಕೇ ಇಟ್ಟಿಗೆಗಳೆಲ್ಲ ಹೊಳೆಯ ಪಾಲಾದವು.

ಸಿರವಾರದ ಆ ರೈತಕುಟುಂಬವನ್ನು ಮುಂದಿನ ಭೂಮಿಹುಣ್ಣಿಮೆಗೆ ನಮ್ಮ ಕಡೆಗೆ ಕರೆಸಬೇಕೆಂದು ಹುಡುಗರು ಹಟ ಹಿಡಿದಿದ್ದಾರೆ. ಅವರ ರೊಟ್ಟಿಯ ಋಣ ತೀರಿಸುವ ನೆಪ. ಹೊಳೆಯವರೆಗೆ ನಡೆಸಿಕೊಂಡು ಹೋಗಿ ನೀರು ತೋರಿಸಬೇಕಂತೆ. ಇಲ್ಲಿಯೇ ನನಗೆ ತೊಡಕು ಬಂದದ್ದು. ನಮ್ಮ ಮನೆಯಿಂದ ಹೊಳೆಗೆ ಹೋಗುವ ಕಾಲುದಾರಿಯನ್ನು ಮುಚ್ಚಿದವನು ನಾನೇ. ಒಂಬತ್ತು ವರ್ಷಗಳ ಹಿಂದೆ ತೋಟ ವಿಸ್ತರಿಸುವಾಗ, ಅಪ್ಪ ಬೇಡವೆಂದರೂ ಕೇಳದೆ, ತಡಬೆ ಕಿತ್ತು ತಂತಿ ಎಳೆಸಿದೆ. ಕೆಳಗಿನ ಕೇರಿಯ ಮಕ್ಕಳು ಅಂದಿನಿಂದ ಶಾಲೆಗೆ ರಸ್ತೆ ಸುತ್ತಿ ಹೋಗುತ್ತಾರೆ. ಅವರಲ್ಲಿ ಯಾರೂ ಬಂದು ನನ್ನನ್ನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಅವರಿಲ್ಲವೆಂದು ನನಗೂ ಗೊತ್ತಿತ್ತು.

ಹೋದ ತಿಂಗಳು ಗ್ರಾಮ ನಕಾಶೆ ಇಳಿಸಿಕೊಂಡು, ಅಳತೆಗಾರರೊಬ್ಬರ ನೆರವಿನಿಂದ ಆ ಒಂಟಿ ತುಂಡುಗೆರೆಯನ್ನು ನೆಲದ ಮೇಲೆ ಗುರುತಿಸಿದೆ. ಗೆರೆಯ ಮೇಲೆ ಹನ್ನೊಂದು ಅಡಿಕೆ ಮರಗಳಿವೆ, ಎಲ್ಲವೂ ಫಸಲಿಗೆ ಬಂದಿವೆ. ಮರ ಕಡಿಯುವ ಅಗತ್ಯವಿಲ್ಲ, ಅವುಗಳ ನಡುವೆಯೇ ಇಬ್ಬರು ಹೋಗುವ ಜಾಗವಿದೆ ಎಂದು ಅಪ್ಪ ಹೇಳಿದರು. ತಡಬೆಗೆ ಹಲಸಿನ ಹಲಗೆ ಅವರೇ ಆರಿಸಿ ಇಟ್ಟಿದ್ದಾರೆ.